ಸಕಲೇಶಪುರ ಕಡೆ ಕಲ್ಲು ಕ್ವಾರಿ: ಪಬ್ಲಿಕ್ ಹಿಯರಿಂಗ್‌ಗೆ ಮುಂಚೆ ಇಐಎ (ಪರಿಸರ ಪರಿಣಾಮ ಅಧ್ಯಯನ) ವರದೀಲಿ ಏನೇನು ನೋಡಬೇಕು? ಅನುಭವ ಇರೋರು ಹೇಳಿ

ಹಳ್ಳದಾಚೆ:
ನಮಸ್ಕಾರ. ನಮ್ಮ ತೋಟದ ಮೇಲ್ಗಡೆ ಗುಡ್ಡದಲ್ಲಿ ಮೂರು ಕಲ್ಲು ಕ್ವಾರಿಗೆ ಅರ್ಜಿ ಬಿದ್ದಿದೆ. 4, 5, 6 ಎಕರೆ, ಒಟ್ಟು 6 ಹೆಕ್ಟೇರ್ ಚಿಲ್ಲರೆ. ಅಕ್ಕಪಕ್ಕ ಇರೋ ಮೂರನ್ನೂ ಸೇರಿಸಿ ಕ್ಲಸ್ಟರ್ ಅಂತ ಮಾಡಿ ಅಹವಾಲು ಸಭೆ ನೋಟಿಸ್ ಪೇಪರಲ್ಲಿ ಹಾಕಿದ್ದಾರೆ. ಕರಡು ವರದಿ ಸಿಕ್ಕಿದೆ, ಮುನ್ನೂರು ಪುಟ. ಸಭೆಗೆ ಇನ್ನು ಮೂರು ವಾರ ಇದೆ. ಎಲ್ಲಿಂದ ಓದೋದು? ಧೂಳು, ನೀರು ನಾವೇ ಬೇರೆ ಅಳತೆ ಮಾಡಿಸಬೇಕಾ, ಅಥವಾ ಆ ದುಡ್ಡು ವಕೀಲರಿಗೆ ಇಟ್ಕೊಳ್ಳೋದಾ?

ಮರಗಸಿ:
ವಕೀಲರು ಆಮೇಲೆ. ಮೊದಲು ಅಳತೆ. ನಮ್ಮ ಕಡೆ ಕ್ವಾರಿ ಬಂದಾಗ ಧೂಳು ಮಾಪನಕ್ಕೆ ಲ್ಯಾಬಿಗೆ ಕೊಟ್ಟ ದುಡ್ಡಲ್ಲಿ ತೋಟಕ್ಕೆ ಒಂದು ವರ್ಷದ ಮರಗಸಿ (ನೆರಳು ಮರದ ಕೊಂಬೆ ಕಡಿಸೋದು) ಮಾಡಿಸಬಹುದಿತ್ತು. ಆದರೂ ದಂಡ ಅನ್ನಲ್ಲ. ಕಂಪನಿಯವರು ಅಳತೆ ಮಾಡಿಸೋದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಒಂದು ಸೀಸನ್ ಸಾಕು, ಮಳೆಗಾಲ ಬಿಟ್ಟು ಅಂತ ನಿಯಮ. ಆಗ ಮಣ್ಣು ಹಸಿ ಇರುತ್ತೆ, ಧೂಳು ಏಳಲ್ಲ. ನಮಗೆ ಹೊಡೆತ ಬೀಳೋದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಹೂ ಮಳೆ ಬಿದ್ದು ಹೂವು ಅರಳೋ ಹೊತ್ತಿಗೆ. ಕಾಫೀಲಿ ಅರೇಬಿಕಾ ತನ್ನ ಹೂವಿನ ಪರಾಗದಲ್ಲೇ ಕಾಯಿ ಕಚ್ಚುತ್ತೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಜೇನು ಬೇಕು, ಗಾಳಿ ಬೇಕು. ವರದೀಲಿ "ಸುತ್ತಮುತ್ತ ಕೃಷಿ ಭೂಮಿ" ಅಂತ ಒಂದೇ ಸಾಲು ಇದ್ದರೆ ಅಲ್ಲೇ ಹಿಡಿಯಿರಿ.

ಎರಡನೇದು ಹಳ್ಳ. ಮಳೆಗಾಲ ಬಿಟ್ಟು ಅಳತೆ ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹರಿಯೋ ಝರಿಗಳು ವರದೀಲಿ ಇರೋದೇ ಇಲ್ಲ, ನಕ್ಷೇಲೂ ಇರಲ್ಲ. ನೀವೇ ಹಲಗೆ ಕಟ್ಟಿ: ಮಧ್ಯದಲ್ಲಿ 90 ಡಿಗ್ರಿ ವಿ ಆಕಾರಕ್ಕೆ ಕೊಯ್ದು ಹಳ್ಳಕ್ಕೆ ಅಡ್ಡ ಇಟ್ಟು, ಪಕ್ಕದಿಂದ, ಕೆಳಗಿನಿಂದ ನೀರು ಸೋರದಂಗೆ ಜೇಡಿಮಣ್ಣು ಮೆತ್ತಿ. ನೀರಿನ ಎತ್ತರವನ್ನ ಹಲಗೆ ಹತ್ತಿರ ಅಳೀಬೇಡಿ, ಅಲ್ಲಿ ನೀರು ಬಾಗಿ ಇಳಿದಿರುತ್ತೆ. ಎತ್ತರದ ನಾಲ್ಕು ಪಟ್ಟಾದರೂ ಹಿಂದೆ ಒಂದು ಗೂಟ ನೆಟ್ಟು ಅಳೀರಿ. ವಿ ತುದಿಯಿಂದ 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 20 ಸೆಂ.ಮೀ. ಇದ್ದರೆ ಹತ್ತಿರ ಹತ್ತಿರ 25 ಲೀಟರ್. ತಾರೀಖು ಹಾಕಿ ಫೋಟೋ ತೆಗೆದಿಡಿ.

ಫಿಲ್ಟರ್ ಪೇಪರ್:
ವರದಿ ಬರೆಯೋ ಕನ್ಸಲ್ಟೆಂಟ್ ಕಡೆಯವರೆಲ್ಲ ಕಳ್ಳರು ಅನ್ನೋ ಧಾಟಿ ಇಲ್ಲಿ ಮಾಮೂಲು. ಕಳ್ಳತನ ಎಲ್ಲಿ ನಡೆಯುತ್ತೆ ಅಂತ ಗೊತ್ತಿಲ್ಲದೆ ಬೈದು ಏನು ಪ್ರಯೋಜನ? ಧೂಳು ಅಳೆಯೋ ಸ್ಯಾಂಪ್ಲರ್‌ಗೆ ಕರೆಂಟ್ ಬೇಕು. ಅದಕ್ಕೇ ಎಲ್ಲಾ ಸ್ಟೇಷನ್ನೂ ಊರಿನ ಶಾಲೆ, ಪಂಚಾಯ್ತಿ ಕಟ್ಟಡದ ಮೇಲೆ ಇರುತ್ತೆ, ತೋಟದಲ್ಲಿ ಒಂದೂ ಇರಲ್ಲ. ಗಾಳಿ ಬೀಸೋ ದಿಕ್ಕಿನ ಚಕ್ರ ವರದೀಲಿ ಇರುತ್ತೆ, ಅದನ್ನ ಸ್ಟೇಷನ್ ನಕ್ಷೆ ಮೇಲೆ ಇಟ್ಟು ನೋಡಿ. ಒಣಗಾಲದಲ್ಲಿ ಮೂಡಲ ಗಾಳಿ, ಧೂಳು ಪಡುವಣಕ್ಕೆ ಹೋಗುತ್ತೆ. ಆ ಕಡೆ ಒಂದೂ ಸ್ಟೇಷನ್ ಇಲ್ಲ ಅಂದರೆ ಅದೇ ಆಕ್ಷೇಪಣೆ.

ಈಗ ಲೆಕ್ಕ. ಮಷೀನು ನಿಮಿಷಕ್ಕೆ 1.1 ಘನ ಮೀಟರ್ ಗಾಳಿ ಎಳೆಯುತ್ತೆ ಅಂತಿಟ್ಕೊಳ್ಳಿ. 24 ಗಂಟೆಗೆ 1,584 ಘನ ಮೀಟರ್. ಫಿಲ್ಟರ್ ಪೇಪರ್ ಮೇಲೆ 79.2 ಮಿಲಿಗ್ರಾಂ ಧೂಳು ಕೂತರೆ ಪಿಎಂ10 (ಸಣ್ಣ ಧೂಳಿನ ಕಣ; ಪಿಎಂ2.5 ಇನ್ನೂ ಸಣ್ಣದು) ಬರೋದು ಘನ ಮೀಟರಿಗೆ 50 ಮೈಕ್ರೋಗ್ರಾಂ. ಮಧ್ಯೆ ನಾಲ್ಕು ಗಂಟೆ ಕರೆಂಟ್ ಹೋಗಿತ್ತು ಅನ್ನಿ. ನಿಜವಾಗಿ ಎಳೆದ ಗಾಳಿ 1,320 ಘನ ಮೀಟರ್ ಮಾತ್ರ, ಅದರಲ್ಲಿ ಭಾಗಿಸಿದರೆ 60. ಲಾಗ್‌ಶೀಟಲ್ಲಿ 24 ಗಂಟೆ ಅಂತಲೇ ಬರೆದರೆ 10 ಮೈಕ್ರೋಗ್ರಾಂ ಮಾಯ! ಮಲ್ನಾಡಲ್ಲಿ ಕರೆಂಟ್ ಹೋಗದ ದಿನ ಯಾವುದು ಹೇಳಿ. ಇನ್ನೊಂದು, ಪೇಪರ್ ತೇವ ಹೀರುತ್ತೆ. ತೂಕಕ್ಕೆ ಮುಂಚೆ, ಆಮೇಲೆ ಎರಡು ಸಲವೂ ಡೆಸಿಕೇಟರ್‌ನಲ್ಲಿ (ತೇವ ತೆಗೆಯೋ ಪೆಟ್ಟಿಗೆ) ಇಟ್ಟಿರಬೇಕು. 24 ಗಂಟೆ ಸರಾಸರಿಗೆ ಮಿತಿ ಪಿಎಂ10 100, ಪಿಎಂ2.5 60. ವಾರಕ್ಕೆ ಎರಡು ದಿನ, 12 ವಾರ, ಒಂದು ಜಾಗಕ್ಕೆ 24 ರೀಡಿಂಗ್ ಇರಬೇಕು. ಬರೀ ಕನಿಷ್ಠ, ಗರಿಷ್ಠ, ಸರಾಸರಿ ಅಂತ ಮೂರು ಅಂಕಿ ಕೊಟ್ಟಿದ್ದರೆ 24ನ್ನೂ ಕೇಳಿ.

ಜಲ್ಲಿ ಲೋಡ್:
ಎಲ್ಲರಿಗೂ ಮನೆ ಕಟ್ಟಕ್ಕೆ ಎಂ-ಸ್ಯಾಂಡ್ ಬೇಕು, ರಸ್ತೆಗೆ ಜಲ್ಲಿ ಬೇಕು, ಕ್ವಾರಿ ಮಾತ್ರ ಬೇರೆ ತಾಲೂಕಲ್ಲಿರಬೇಕು! 5 ಹೆಕ್ಟೇರ್ ಒಳಗಿನ ಒಂಟಿ ಕ್ವಾರಿಗೆ ಹಿಯರಿಂಗೂ ಬೇಡ, ಇಐಎನೂ ಬೇಡ, ಇಎಂಪಿ (ಪರಿಸರ ನಿರ್ವಹಣಾ ಯೋಜನೆ) ಸಾಕು. ಆದರೂ ನಾವು ಹಾಕಿರೋ ದುಡ್ಡು ಕೇಳಿ: ನೀರು ಬಿಟ್ಕೊಂಡೇ ಡ್ರಿಲ್ಲಿಂಗ್, ಗಡಿಯಿಂದ 7.5 ಮೀಟರ್ ಬಿಟ್ಟು ಮರ, 6 ಮೀಟರ್ ಎತ್ತರಕ್ಕೆ ಒಂದು ಬೆಂಚು (ಮೆಟ್ಟಿಲು), ಅಷ್ಟೇ ಅಗಲ. ಬ್ಲಾಸ್ಟಿಂಗ್‌ಗೆ ಗೋಡೆ ಬಿರುಕು ಅಂತ ಕೂಗ್ತಾರಲ್ಲ, ಸೂತ್ರ ಹಾಕಿ ನೋಡಿ. 1140 ಗುಣಿಸು (ದೂರ ಭಾಗಿಸು ಮದ್ದಿನ ತೂಕದ ವರ್ಗಮೂಲ), ಅದರ ಮೈನಸ್ 1.6 ಘಾತ. ಒಂದು ಡಿಲೇಗೆ (ಒಂದೇ ಕ್ಷಣಕ್ಕೆ ಸಿಡಿಯೋದು) 10 ಕೆ.ಜಿ. ಮದ್ದು, 200 ಮೀಟರ್ ದೂರ. ಸೆಕೆಂಡಿಗೆ 1.5 ಮಿ.ಮೀ. ಅಷ್ಟೇ ಕಂಪನ. ಮನೆಗಳಿಗೆ ತೀರಾ ಬಿಗಿ ಮಿತಿ ಅಂದರೆ 5.

ಮರಗಸಿ:
@ಜಲ್ಲಿ ಲೋಡ್ ಅದೇ ಸೂತ್ರಕ್ಕೆ 50 ಕೆ.ಜಿ. ಹಾಕಿ ಸ್ವಾಮಿ. ಅದೇ 200 ಮೀಟರಿಗೆ 5.4 ಬರುತ್ತೆ. 10 ಅಂತ ವರದೀಲಿ ಬರೆದು 50 ತುಂಬಿದರೆ ನೋಡೋರು ಯಾರು? ಹಳ್ಳದಾಚೆಯವರೇ, "ಒಂದು ಡಿಲೇಗೆ ಗರಿಷ್ಠ ಎಷ್ಟು ಕೆ.ಜಿ., ಕಂಪನ ಅಳೆಯೋ ಯಂತ್ರ ಯಾರ ಮನೆ ಪಕ್ಕ ಇಡ್ತೀರಿ" ಅಂತ ಕೇಳಿ, ಉತ್ತರ ಇಸಿ (ಪರಿಸರ ಅನುಮತಿ) ಷರತ್ತಲ್ಲಿ ಬರೋ ಹಾಗೆ ಮಾಡಿ.

ಜಲ್ಲಿ ಲೋಡ್:
50 ಕೆ.ಜಿ. ತುಂಬಿದರೆ ಬಂಡೆ ಹಾರಿ ನಮ್ಮ ಹಿಟಾಚಿ ಮೇಲೇ ಬೀಳುತ್ತೆ ಮಾರಾಯ್ರೆ. ಗೊತ್ತಿಲ್ಲದೆ ಮಾತಾಡಬೇಡಿ.

ಫಿಲ್ಟರ್ ಪೇಪರ್:
ಇಬ್ಬರೂ ಬ್ಲಾಸ್ಟಿಂಗ್ ಹಿಡ್ಕೊಂಡಿದ್ದೀರಿ, ಧೂಳು ಜಾಸ್ತಿ ಏಳೋದು ಟಿಪ್ಪರ್ ಓಡೋ ಮಣ್ಣು ರಸ್ತೇಲಿ. ವರ್ಷಕ್ಕೆ 1,50,000 ಟನ್, 300 ದಿನ ಕೆಲಸ ಅಂದರೆ ದಿನಕ್ಕೆ 500 ಟನ್. 20 ಟನ್ ಟಿಪ್ಪರ್ 25 ಲೋಡ್, ಹೋಗಿ ಬಂದು 50 ಸಲ. ಮೂರು ಕ್ವಾರೀದೂ ಸೇರಿಸಿ ಹಾಕಿದ್ದಾರಾ, ಒಂದೊಂದಕ್ಕೇ ಬೇರೆ ಬೇರೆ ತೋರಿಸಿದ್ದಾರಾ ನೋಡಿ. ರಸ್ತೆಗೆ ದಿನಾ ನೀರು ಹೊಡೀತೀವಿ ಅಂತ ಬರೆದಿರ್ತಾರೆ. ಮಾರ್ಚ್ ತಿಂಗಳಲ್ಲಿ ಆ ನೀರು ಯಾವ ಹಳ್ಳದ್ದು?

ಕೆಂಪುಹೊಳೆ:
6 ಹೆಕ್ಟೇರ್ ಕ್ವಾರಿಗೆ ಇಷ್ಟೆಲ್ಲಾ ವರದಿ, ಹಿಯರಿಂಗು. ಅದೇ ತಾಲೂಕಲ್ಲಿ ಎತ್ತಿನಹೊಳೆಗೆ? ಕುಡಿಯೋ ನೀರಿನ ಯೋಜನೆ ಅಂತ ಹೆಸರಿಟ್ಟರು, 2006ರ ಇಐಎ ಅಧಿಸೂಚನೆ ಪಟ್ಟೀಲಿ ಜಲವಿದ್ಯುತ್ತು, ನೀರಾವರಿ ಇದೆಯೇ ಹೊರತು ಕುಡಿಯೋ ನೀರಿಲ್ಲ, ಮುಗೀತು. 2012ರಲ್ಲಿ 8,323 ಕೋಟಿ, ಈಗ 23,251 ಕೋಟಿ. 24.01 ಟಿಎಂಸಿ ಅಂತ ಸರ್ಕಾರ, 9.55 ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನ. ಹೆದ್ದಾರೀದೂ ಅದೇ ಕತೆ. ಇರೋ ರಸ್ತೆ ಅಗಲ ಮಾಡೋದಾದರೆ ಇಸಿ ಬೇಕು ಅನ್ನೋಕೆ 100 ಕಿ.ಮೀ. ದಾಟಬೇಕು. ಹಾಸನದಿಂದ ಮಾರನಹಳ್ಳಿಗೆ 45 ಕಿ.ಮೀ. ದೋಣಿಗಲ್‌ನಲ್ಲಿ ಗುಡ್ಡಾನ ನೆಟ್ಟಗೆ ಕಡಿದರು, ಮಳೆ ಬಂದಾಗ ಜಾರಿತು. 25 ಮೆಗಾವ್ಯಾಟ್ ಒಳಗಿನ ಮಿನಿ ಹೈಡೆಲ್ಲಿಗೂ ಇಸಿ ಬೇಡ.

ಬಯಲುಸೀಮೆ:
ಕಡೂರು, ಅರಸೀಕೆರೆ ಕಡೆ ಬಂದು ಬೋರ್‌ವೆಲ್ ಕೊರೆಸಿ ನೋಡಿ ಸಾರ್, ಆಮೇಲೆ ಟಿಎಂಸಿ ಲೆಕ್ಕ ಹೇಳಿ. ನಿಮ್ಮಲ್ಲಿ ಒಂದು ವಾರ ಸುರಿಯೋ ಮಳೆ ನಮಗೆ ವರ್ಷಕ್ಕಿಲ್ಲ.

ಕೆಂಪುಹೊಳೆ:
ನೀರು ಕೊಡಬೇಡಿ ಅಂತ ಯಾರು ಹೇಳಿದ್ರು? ಎಷ್ಟಿದೆ ಅಂತ ಮೊದಲು ಅಳೀರಿ ಅಂದೆ. ಕಾಲುವೆ ತೋಡಿದ ಮೇಲೆ ನೀರು ಸಾಲದು ಅಂತ ಗೊತ್ತಾದರೆ ಬಾಯಿ ಬಿಡೋದು ನೀವೇ.

ಅಪೀಲು:
ಮೂಲ ಪ್ರಶ್ನೆ ಯಾರಾದ್ರೂ ಓದಿದೀರಾ? ಊರವರು ಸಭೆ ಬಹಿಷ್ಕಾರ ಅಂತ ಹೊರಟರೆ ಮೊದಲು ತಡೀರಿ. ಅಹವಾಲು ಸಭೆಗೆ ಕೋರಂ ಇಲ್ಲ. ಹತ್ತು ಜನ ಬಂದರೂ ನಡೆದಂಗೇ. ಗಲಾಟೆ ಮಾಡಿದರೆ ಇನ್ನೂ ಕಷ್ಟ. ಜನ ಮುಕ್ತವಾಗಿ ಮಾತಾಡೋ ಪರಿಸ್ಥಿತಿ ಇಲ್ಲ ಅಂತ ವರದಿ ಹೋದರೆ ಸಭೇನೇ ಕೈಬಿಡೋಕೆ ಅಧಿಸೂಚನೇಲೇ ದಾರಿ ಇದೆ.

ಏನು ಮಾಡಬೇಕು ಅಂದರೆ, ನೋಟಿಸಿಗೂ ಸಭೆಗೂ 30 ದಿನ ಇದೆಯಾ ಎಣಿಸಿ. ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇಟ್ಟಿದಾರಾ ನೋಡಿ, ಇಲ್ಲ ಅಂದರೆ ಅದನ್ನೇ ಬರೆದು ಕೊಡಿ. ಲಿಖಿತ ಆಕ್ಷೇಪಣೆ ಮುಂಚೇನೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. "ಕ್ವಾರಿ ಬೇಡ" ಅಂತ ಬರೀಬೇಡಿ, ಅದಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ. ಪುಟ ಸಂಖ್ಯೆ ಹಾಕಿ ಪ್ರಶ್ನೆ ಕೇಳಿ, ಅಂತಿಮ ವರದೀಲಿ ಉತ್ತರ ಕೊಡಲೇಬೇಕು. ಸಭೆ ಕೊನೇಲಿ ನಡಾವಳಿ ಕನ್ನಡದಲ್ಲಿ ಓದಿ ಹೇಳಬೇಕು, ಜಿಲ್ಲಾಧಿಕಾರಿಯೋ ಅಪರ ಜಿಲ್ಲಾಧಿಕಾರಿಯೋ ಅವತ್ತೇ ಸಹಿ ಹಾಕಬೇಕು. ಅಲ್ಲೀವರೆಗೆ ಊಟಕ್ಕೆ ಎದ್ದು ಹೋಗಬೇಡಿ.

ಗಣಿ ಇಲಾಖೆಯಿಂದ 500 ಮೀಟರ್ ಒಳಗಿನ ಕ್ವಾರಿಗಳ ಸ್ಕೆಚ್ ಆರ್‌ಟಿಐನಲ್ಲಿ ತಗೊಳ್ಳಿ. ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನಿಂತಿರೋದು, 2016ರ ಜನವರಿ 15ರ ಹೊತ್ತಿಗೆ ಇಸಿ ಸಿಕ್ಕಿರೋದು ಕ್ಲಸ್ಟರ್ ಲೆಕ್ಕಕ್ಕೆ ಬರಲ್ಲ. ಎಕರೆ ಇಳಿಸೋ ಆಟ ನಡೆಯೋದು ಅಲ್ಲೇ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2. ಇಸಿ ಕೊಟ್ಟರೆ ಚೆನ್ನೈ ಹಸಿರು ಪೀಠಕ್ಕೆ ಅಪೀಲು 30 ದಿನದೊಳಗೆ, ಸರಿಯಾದ ಕಾರಣ ಇದ್ದರೆ ಇನ್ನೂ 60, ಅದಾದ ಮೇಲೆ ಒಂದು ದಿನವೂ ಇಲ್ಲ. ಪರಿಹಾರ ಕೇಳದಿದ್ದರೆ ಶುಲ್ಕ 1,000 ರೂಪಾಯಿ. ಖರ್ಚಾಗೋದು ಚೆನ್ನೈಗೆ ಓಡಾಡೋದ್ರಲ್ಲಿ, ಕನ್ನಡ ದಾಖಲೆಗಳನ್ನೆಲ್ಲ ಇಂಗ್ಲಿಷಿಗೆ ಮಾಡಿಸೋದ್ರಲ್ಲಿ.

ಮರಗಸಿ:
ಸಭೆಗೆ ಹೋಗಿ ಸಹಿ ಹಾಕಿದರೆ ಒಪ್ಪಿಗೆ ಅಂತ ತೋರಿಸ್ತಾರೆ. ಬಹಿಷ್ಕಾರವೇ ಮರ್ಯಾದೆ.

ಅಪೀಲು:
ಹಾಜರಾತಿ ಸಹಿ ಒಪ್ಪಿಗೆ ಅಲ್ಲ. ವಿಡಿಯೋ ಕಡ್ಡಾಯ, ಅದರ ಪ್ರತಿ ಕೇಳಿ. ಮರ್ಯಾದೆ ಇಟ್ಕೊಂಡು ಹಸಿರು ಪೀಠದ ಮುಂದೆ ಏನು ತೋರಿಸ್ತೀರಿ?

ಹಳ್ಳದಾಚೆ:
ಎಲ್ಲರಿಗೂ ಥ್ಯಾಂಕ್ಸ್. ವರದೀಲಿ ಐದು ಸ್ಟೇಷನ್ ಇದೆ, ಐದೂ ಕ್ವಾರಿಯಿಂದ ಮೂಡಲಿಗೆ. ನಮ್ಮ ತೋಟ ಪಡುವಣಕ್ಕೆ. ಅನುಬಂಧದಲ್ಲಿ ಲಾಗ್‌ಶೀಟ್ ಇಲ್ಲ, ಬರೀ ಕೋಷ್ಟಕ.

ಫಿಲ್ಟರ್ ಪೇಪರ್:
ಹಂಗಾದರೆ ಹೀಗೆ ಬರೀರಿ: "ಇಂಥ ಪುಟದ ಕೋಷ್ಟಕದ ಪ್ರತಿ ರೀಡಿಂಗ್‌ಗೂ ಮಷೀನ್ ಓಡಿದ ನಿಮಿಷ, ಆರಂಭ ಮತ್ತು ಕೊನೆಯ ಫ್ಲೋ, ಪೇಪರ್‌ನ ಮೊದಲ ಹಾಗೂ ನಂತರದ ತೂಕ ಒದಗಿಸಬೇಕು. ಒಣಗಾಲದ ಗಾಳಿ ಹೋಗುವ ಪಶ್ಚಿಮ ದಿಕ್ಕಿನಲ್ಲಿ ಮಾರ್ಚ್–ಮೇ ಅವಧಿಯ ಅಳತೆ ನಡೆಸದೆ ವರದಿಯನ್ನು ಪರಿಗಣಿಸಬಾರದು." ಜೊತೆಗೆ ಆ ತಾರೀಖುಗಳಲ್ಲಿ ನಿಮ್ಮ ಫೀಡರ್‌ಗೆ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ ಸೆಸ್ಕಾಂಗೆ ಆರ್‌ಟಿಐ ಹಾಕಿ. ಉತ್ತರಕ್ಕೆ 30 ದಿನ ತಗೊಳ್ತಾರೆ, ಸಭೆಗೆ ಸಿಗಲ್ಲ. ಅಪೀಲಿಗೆ ಬೇಕಾಗುತ್ತೆ, ಇವತ್ತೇ ಹಾಕಿ.