20% ಮತ್ತು 5% ಸೇರುದ್ರೆ ಆವರೇಜ್ 12.5% ತಾನೆ? ಟೋಟಲ್ ತಾಳೆ ಆಯ್ತಿಲ್ಲ

ಕಬ್ಬಿನಗದ್ದೆ, ಮಂಡ್ಯ:
ಫಂಡ್‌ಗೆ 40 ಸಾವ್ರ ಹಾಕಿದ್ದೆ, 48 ಆಗದೆ, ಅಂದ್ರೆ 20%. ಎಫ್‌ಡಿ 1.6 ಲಕ್ಷ ಇದ್ದದ್ದು 1.68 ಆಗದೆ, ಅದು 5%. ಎಕ್ಸೆಲ್‌ನಲ್ಲಿ ಎರಡಕ್ಕೂ ಆವರೇಜ್ ಹಾಕುದ್ರೆ 12.5% ತೋರುಸ್ತದೆ, ನಮ್ ಭಾವ ಕ್ಯಾಲ್ಕ್ಯುಲೇಟರ್ ಒತ್ತಿ ಬರೀ 8% ಕನಯ್ಯ ಅಂತವ್ರೆ. ಯಾರ್ದು ಸರಿ?

ಒಂಟಿಕೊಪ್ಪಲ್, ಮೈಸೂರು:
ಭಾವಂದೇ ಸರಿ ಗುರು. ಡೇರಿಗೆ ಹಾಲು ಹಾಕೋರ್ನ ಕೇಳಿ ನೋಡಿ, ಹಸು ಹಾಲು 10 ಲೀಟರ್ ಫ್ಯಾಟ್ 4, ಎಮ್ಮೆ ಹಾಲು 2 ಲೀಟರ್ ಫ್ಯಾಟ್ 7, ಒಂದೇ ಕ್ಯಾನಿಗೆ ಸುರುದ್ರೆ 5.5 ಬರುತ್ತಾ? 4.5 ಬಂದ್ರೆ ಹೆಚ್ಚು, ಯಾಕಂದ್ರೆ ಕ್ಯಾನಲ್ಲಿ ಜಾಸ್ತಿ ಇರೋದು ಹಸು ಹಾಲೇ. ನಿಮ್ ದುಡ್ಡಲ್ಲೂ ಹಂಗೇ, ಐದರಲ್ಲಿ ನಾಕು ಪಾಲು ಎಫ್‌ಡಿನಲ್ಲೇ ಕೂತಿದೆ. ಹಾಕಿದ್ದು ಒಟ್ಟು 2 ಲಕ್ಷ, ಲಾಭ 8 ಸಾವ್ರ ಮತ್ತೆ 8 ಸಾವ್ರ 16 ಸಾವ್ರ, 8% ಅಷ್ಟೆ. ಪರ್ಸೆಂಟ್ ಕಾಲಂನ ಮುಟ್ಲೇಬೇಡಿ, ರೂಪಾಯಿ ಕೂಡಿ ಆಮೇಲೆ ಭಾಗಿಸಿ.

ಕಬ್ಬಿನಗದ್ದೆ, ಮಂಡ್ಯ:
ಹಾಲಿನ್ ಲೆಕ್ಕ ಹೇಳುದ್ರಲ್ಲ ಈಗ್ ತಲೆಗೋಯ್ತು ಕನಣ್ಣ. ಆದ್ರೆ ಇನ್ನೊಂದೈತೆ, ಹೋದ್ವಾರ ಕಬ್ಬಿನ ಬಿಲ್ ಬಂತು ಅಂತ ಫಂಡ್‌ಗೆ ಇನ್ನೂ 50 ಸಾವ್ರ ಹಾಕ್ದೆ, ಈಗ 20% ಇದ್ದದ್ದು 8.9%ಗೆ ಇಳುದ್‌ಬುಡ್ತು. ಒಟ್ಟು ಲೆಕ್ಕನೂ 6.4%. ಮಾರ್ಕೆಟ್ ಬಿತ್ತಾ?

ಒಂಟಿಕೊಪ್ಪಲ್, ಮೈಸೂರು:
ಏನೂ ಬಿದ್ದಿಲ್ಲ, ಲಾಭ ಅದೇ 16 ಸಾವ್ರ, ಭಾಗಿಸೋ ಸಂಖ್ಯೆ, ಅಂದ್ರೆ ಹಾಕಿದ್ ದುಡ್ಡು, 2.5 ಲಕ್ಷ ಆಯ್ತು ಅಷ್ಟೆ. ನಿನ್ನೆ ಮೊನ್ನೆ ನೆಟ್ಟ ಕಬ್ಬಿಗೂ ವರ್ಷದ ಕಬ್ಬಿಗೂ ಒಟ್ಟಿಗೆ ಇಳುವರಿ ಕೇಳ್ದಂಗಾಯ್ತು ಇದು. ಬೇರೆ ಬೇರೆ ದಿನ ದುಡ್ಡು ಹಾಕಿದ್ರೆ ಎಕ್ಸ್‌ಐಆರ್‌ಆರ್ ಫಾರ್ಮುಲಾ ಬಳ್ಸಿ, ಅದು ದಿನ ಲೆಕ್ಕ ಹಾಕಿ ವರ್ಷದ ದರ ಕೊಡುತ್ತೆ. ಹಾಕಿದ್ದೆಲ್ಲ ಮೈನಸ್‌ನಲ್ಲಿ ಅವತ್ತಿನ ತಾರೀಖಿಗೆ, ಕೊನೇ ಸಾಲಲ್ಲಿ ಇವತ್ತಿನ ಬೆಲೆ ಪ್ಲಸ್‌ನಲ್ಲಿ.

ಅಗ್ರಹಾರದ ಅಕ್ಕ, ಮೈಸೂರು:
ಒಂದ್ ಮಾತು, 20% ಬಿದ್ದು ಮತ್ತೆ 20% ಎದ್ರೂ ಅಸಲು ವಾಪಸ್ ಬರಲ್ಲ, 100 ರೂಪಾಯಿ 80 ಆಗಿ ಆಮೇಲೆ 96ಕ್ಕೇ ನಿಲ್ಲುತ್ತೆ. ನಾನೂ ಎರಡು ವರ್ಷ ಪ್ಲಸ್ ಮೈನಸ್ ಹೊಡ್ದು ಸೊನ್ನೆ ಅಂತ ಬರ್ಕೊಂಡಿದ್ದೆ 😀

ಕಬ್ಬಿನಗದ್ದೆ, ಮಂಡ್ಯ:
ಎಕ್ಸ್‌ಐಆರ್‌ಆರ್ ಹಾಕುದ್ರೆ ವ್ಯಾಲ್ಯೂ ಎರರ್ ಬತ್ತಾ ಐತೆ, ಮೈನಸ್ಸೂ ಹಾಕಿವ್ನಿ.

ಒಂಟಿಕೊಪ್ಪಲ್, ಮೈಸೂರು:
ತಾರೀಖಲ್ಲಿ ಚುಕ್ಕಿ ಇಟ್ಟಿದ್ದೀರಾ? ಚುಕ್ಕಿ ಇದ್ರೆ ಎಷ್ಟೋ ಸಲ ಎಕ್ಸೆಲ್ ಅದನ್ನ ಬರೀ ಅಕ್ಷರ ಅನ್ಕೊಳುತ್ತೆ, ಓರೆಗೆರೆ ಹಾಕಿ ನೋಡಿ.

ಕಬ್ಬಿನಗದ್ದೆ, ಮಂಡ್ಯ:
ಚುಕ್ಕಿನೇ ಕನಣ್ಣ! ಈಗ ಬಂತು. ಭಾವನ ಮುಂದೆ ಮಾತ್ರ ಇದ್ನ ಹೇಳಲ್ಲ.