ಅಕ್ಕಿ ಗಿರಣಿ ಬಾಯ್ಲರ್‌ಗೆ ಎಡಿಇಇಟಿಐಇ ಸಾಲ: ಎಕನಾಮೈಸರೇ ಮೊದಲು ಬೇಕಾ?

ಭದ್ರಾ_ನಾಲೆ:
ದಾವಣಗೆರೆ ಹತ್ತಿರ ಕುಸುಬಲಕ್ಕಿ ಗಿರಣಿ. 2 ಟನ್ ಬಾಯ್ಲರ್, ಉರುವಲು ಭತ್ತದ ಹೊಟ್ಟು. ಚಿಮಣಿಯಲ್ಲಿ 230 ಡಿಗ್ರಿ, ಫೀಡ್ ನೀರು (ಬಾಯ್ಲರ್‌ಗೆ ಹೋಗುವ ನೀರು) 32 ಡಿಗ್ರಿ, ಹೊಗೆಯಲ್ಲಿ ಆಮ್ಲಜನಕ ಶೇ 12. ಸರ್ಕಾರದ ಎಡಿಇಇಟಿಐಇ ಯೋಜನೆಯ ಬಡ್ಡಿ ರಿಯಾಯಿತಿ ಹಿಡಿದು ಎಕನಾಮೈಸರ್ (ಹೊಗೆಯ ಬಿಸಿಯಿಂದ ಫೀಡ್ ನೀರು ಕಾಯಿಸುವ ಸಾಧನ) ಹಾಕಿಸಬಹುದೇ?

ಆವಿ_ಲೆಕ್ಕ:
ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ನಡೆಸುವ ಯೋಜನೆ ಅದು, 2025ರ ಜುಲೈನಲ್ಲಿ ಶುರುವಾಯಿತು. ಸೂಕ್ಷ್ಮ, ಸಣ್ಣ ಘಟಕಕ್ಕೆ ಬಡ್ಡಿಯಲ್ಲಿ ಶೇ 5, ಮಧ್ಯಮಕ್ಕೆ ಶೇ 3 ರಿಯಾಯಿತಿ. ಕನಿಷ್ಠ ಶೇ 10 ಇಂಧನ ಉಳಿತಾಯ ತೋರಿಸಬೇಕು. ಮೊದಲ ಹಂತ 60 ಕೈಗಾರಿಕಾ ಕ್ಲಸ್ಟರ್‌ಗಳಿಗಷ್ಟೇ. ನಿಮ್ಮದು ಪಟ್ಟಿಯಲ್ಲಿದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಉದ್ಯಮ್ ನೋಂದಣಿ ಸಿದ್ಧವಿರಲಿ.

ಆದರೆ ನಿಮ್ಮ ಅಂಕಿಯಲ್ಲಿ ಕಣ್ಣಿಗೆ ಹೊಡೆಯುವುದು ಆಮ್ಲಜನಕ. 21ರಲ್ಲಿ 12 ಕಳೆದರೆ 9, 12 ಅನ್ನು ಆ 9ರಿಂದ ಭಾಗಿಸಿ: ಹೆಚ್ಚುವರಿ ಗಾಳಿ (ಸುಡಲು ಬೇಡದೆ ಬಿಸಿಯನ್ನು ಚಿಮಣಿಗೆ ಹೊತ್ತೊಯ್ಯುವ ಗಾಳಿ) ಶೇ 133. ಆಮ್ಲಜನಕವನ್ನು ಶೇ 6ಕ್ಕೆ ಇಳಿಸಿದರೆ ಹೆಚ್ಚುವರಿ ಗಾಳಿ ಶೇ 40. ಆಮ್ಲಜನಕವನ್ನು ಕುಲುಮೆಯ ಹೊರಬಾಯಿಯಲ್ಲಿ ಒಮ್ಮೆ, ಐಡಿ ಫ್ಯಾನ್ (ಹೊಗೆ ಎಳೆಯುವ ಫ್ಯಾನ್) ಮುಂಚೆ ಒಮ್ಮೆ ಅಳೆಯಿರಿ. ಎರಡನೆಯದು ಹೆಚ್ಚು ಬಂದರೆ ನಡುವಿನ ಡಕ್ಟ್, ಬಾಗಿಲ ಸಂದಿ ಮುಚ್ಚುವ ಹಗ್ಗ, ಬೂದಿ ಕಿಂಡಿ ಗಾಳಿ ಎಳೆಯುತ್ತಿವೆ. ಆ ಸೋರಿಕೆ ಮುಚ್ಚಿದ ಮೇಲಷ್ಟೇ ಡ್ಯಾಂಪರ್ (ಗಾಳಿ ಹತೋಟಿಯ ತಟ್ಟೆ) ಮುಟ್ಟಿ. ಗಾಳಿ ತೀರಾ ಇಳಿಸಿದರೆ ಬೂದಿ ಕಪ್ಪಾಗುತ್ತದೆ, ಹೊಟ್ಟು ಸುಡದೆ ಹೋಗುತ್ತಿದೆ ಎಂದರ್ಥ.

ಟ್ರ್ಯಾಪ್_ಪಟ್ಟಿ:
ಅದರ ಜೊತೆಗೆ ಕಂಡೆನ್ಸೇಟ್, ಅಂದರೆ ಆವಿ ತಣಿದು ಆದ ಬಿಸಿ ನೀರು, ಫೀಡ್ ಟ್ಯಾಂಕಿಗೆ ವಾಪಸ್ ತನ್ನಿ. ಭತ್ತಕ್ಕೆ ನೇರ ಬಿಟ್ಟ ಆವಿ ವಾಪಸ್ ಬರುವುದಿಲ್ಲ, ಡ್ರೈಯರ್ ಕಾಯ್ಲ್‌ನದು ಬರುತ್ತದೆ. ಫೀಡ್ ನೀರು 6 ಡಿಗ್ರಿ ಏರಿದರೆ ಇಂಧನ ಸುಮಾರು ಶೇ 1 ಉಳಿಯುತ್ತದೆ. 32ರಿಂದ 80ಕ್ಕೆ ಹೋದರೆ ಶೇ 8. ಎಕನಾಮೈಸರ್‌ನಲ್ಲಿ ಚಿಮಣಿ 22 ಡಿಗ್ರಿ ಇಳಿದರೆ ಶೇ 1, ಅಂದರೆ 230ರಿಂದ 165ಕ್ಕೆ ತಂದರೂ ಶೇ 3. ಪ್ರತಿ ಕಾಯ್ಲ್‌ಗೂ ಬೇರೆ ಫ್ಲೋಟ್ ಟ್ರ್ಯಾಪ್ (ಆವಿ ತಡೆದು ನೀರನ್ನಷ್ಟೇ ಹೊರಬಿಡುವ ಕವಾಟ) ಹಾಕಿ. ಎಲ್ಲಕ್ಕೂ ಒಂದೇ ಟ್ರ್ಯಾಪ್ ಇಟ್ಟರೆ ಒತ್ತಡ ಕಡಿಮೆಯಿರುವ ಕಾಯ್ಲ್‌ನಲ್ಲಿ ನೀರು ನಿಂತು ಡ್ರೈಯರ್ ತಣ್ಣಗಾಗುತ್ತದೆ.

ಭದ್ರಾ_ನಾಲೆ:
80 ಡಿಗ್ರಿ ನೀರಿಗೆ ಪಂಪ್ ತಡೆಯುತ್ತದಾ?

ಟ್ರ್ಯಾಪ್_ಪಟ್ಟಿ:
ಟ್ಯಾಂಕ್ ನೆಲದ ಮೇಲಿದ್ದರೆ ಇಲ್ಲ. ಹೀರುವ ಬಾಯಿಯಲ್ಲೇ ನೀರು ಆವಿಯಾಗಿ ಪಂಪ್ ಗಲಗಲ ಸದ್ದು ಮಾಡುತ್ತದೆ, ಇಂಪೆಲ್ಲರ್ ಸವೆಯುತ್ತದೆ. ಟ್ಯಾಂಕನ್ನು 3-4 ಮೀಟರ್ ಎತ್ತರಕ್ಕೆ ಏರಿಸಿ, ಹೀರುವ ಪೈಪ್ ದಪ್ಪನೆಯದು ಹಾಕಿ.

ಆವಿ_ಲೆಕ್ಕ:
ಎಕನಾಮೈಸರ್ ಆಮೇಲೆ ಹಾಕಿದರೂ ಹೊಗೆ ಅದನ್ನು ಸೇರುವ ಮುಂಚೆ ಧೂಳು ಹಿಡಿಯುವ ಸೈಕ್ಲೋನ್ ಇರಲೇಬೇಕು. ಹೊಟ್ಟಿನ ಬೂದಿಯ ಸಿಲಿಕಾ ಟ್ಯೂಬ್‌ಗಳನ್ನು ಉಜ್ಜಿ ತೂತು ಮಾಡುತ್ತದೆ. ಎಕನಾಮೈಸರ್ ಒತ್ತಡದ ಭಾಗವಾದ್ದರಿಂದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಒಪ್ಪಿಗೆ ಇಲ್ಲದೆ ಬೆಸುಗೆ ಹಾಕಿಸಬೇಡಿ. ಇವತ್ತಿನಿಂದಲೇ ದಿನವೂ ಹೊಟ್ಟಿನ ತೂಕ, ಫೀಡ್ ನೀರಿನ ಮೀಟರ್, ಕುದಿಸಿದ ಭತ್ತದ ಕ್ವಿಂಟಲ್ ಬರೆದಿಡಿ. ಶೇ 10 ಉಳಿಯಿತೇ ಎಂದು ಇಂಧನ ಆಡಿಟರ್ ಲೆಕ್ಕ ಹಾಕಲು ಈ ಮೂರೂ ಬೇಕು.