ನ್ಯಾನೋ ಕಣಕ್ಕೆ ಅಂಟುವ ಪ್ರೋಟೀನಿಗೆ ‘ಕವಚ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಓದುತ್ತಿರುವ ಅಕ್ಕನ ಮಗಳು ಎರಡು ಪುಟ ತಂದುಕೊಟ್ಟು, ‘ಮಾವ, ಇದನ್ನ ಅಜ್ಜಿಗೂ ಅರ್ಥ ಆಗೋ ಹಾಗೆ ಕನ್ನಡ ಮಾಡಿಕೊಡಿ’ ಅಂದಳು. ಒಂದು ಪದದ ಹತ್ತಿರ ಮೂರು ದಿನದಿಂದ ನಿಂತಿದ್ದೇನೆ.

ವಿಷಯ ಇಷ್ಟು. ನ್ಯಾನೋ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ರಕ್ತ ಸೇರಿದ ಕೂಡಲೇ ಅಲ್ಲಿನ ಪ್ರೋಟೀನುಗಳು ಅದಕ್ಕೆ ಮೆತ್ತಿಕೊಳ್ಳುತ್ತವೆ. ಆಮೇಲೆ ಜೀವಕೋಶಕ್ಕೆ ಮೊದಲು ತಾಗುವುದು ಕಣದ ಮೈಯಲ್ಲ, ಈ ಪ್ರೋಟೀನು. ಇದಕ್ಕೆ 2007ರಿಂದ ‘ಪ್ರೋಟೀನ್ ಕೊರೊನಾ’ ಎಂಬ ಹೆಸರಿದೆ. ಹಾಗೇ ಬರೆದರೆ ಮಂಡ್ಯದಲ್ಲಿರುವ ನಮ್ಮಮ್ಮ ಮಾಸ್ಕ್ ಹುಡುಕುತ್ತಾರೆ.

ಮೊದಲು ‘ಕವಚ’ ಅಂತ ಬರೆದೆ. ಅದು ಅರ್ಧ ಸರಿ. ಸೀರಮ್ (ರಕ್ತದ ಪ್ರೋಟೀನುಗಳಿರುವ ತಿಳಿ) ಇಲ್ಲದ ದ್ರವದಲ್ಲಿರುವ ಕೋಶಗಳಿಗೆ ಸಿಲಿಕಾ ಕಣ ಹಾಕಿದರೆ, ಬರಿಮೈಯ ಕಣಗಳು ಕೋಶದ ಪೊರೆಗೆ ಬಿಗಿಯಾಗಿ ಅಂಟಿ ಅದನ್ನು ಕೆಡಿಸುತ್ತವೆ. ಸೀರಮ್ ಬೆರೆಸಿದರೆ ಅದೇ ಕಣದ ಕಾಟ ಕಡಿಮೆ. ಆದರೆ ಪಾಸಿಟಿವ್ ಚಾರ್ಜ್ ಇರುವ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಕಣದ ಕಥೆ ಕೇಳಿ. ಅದು ಕೋಶದೊಳಗೆ ಹೋದ ಮೇಲೆ ಲೈಸೋಸೋಮು, ಅಂದರೆ ಕೋಶದೊಳಗಿನ ಅರಗಿಸುವ ಚೀಲ, ಪ್ರೋಟೀನನ್ನೆಲ್ಲ ಅರಗಿಸಿಬಿಡುತ್ತದೆ. ಕಣದ ಬರಿಮೈ ಕಾಣುತ್ತದೆ, ಕೋಶ ಸಾಯುತ್ತದೆ. ಇನ್ನು ಕೆಲವು ಪ್ರೋಟೀನುಗಳು ಅಂಟಿಕೊಂಡರೆ ರಕ್ಷಣಾ ಕೋಶಗಳು ಕಣವನ್ನು ಇನ್ನೂ ಬೇಗ ನುಂಗುತ್ತವೆ. ಇದೆಂಥ ಕವಚ? ಕರ್ಣನದ್ದು ಹುಟ್ಟಿನಿಂದ ಬಂದದ್ದು, ಇದು ದಾರಿಯಲ್ಲಿ ಅಂಟಿದ್ದು.

‘ಲೇಪ’, ‘ಕಲಾಯಿ’ ಅಂದರೆ ಯಾರೋ ಹಚ್ಚಬೇಕು. ಇದು ತಾನಾಗಿ ಕೂರುತ್ತದೆ. ಅದೂ ಮೊದಲು ಕೂತ ಪ್ರೋಟೀನು ಎದ್ದುಹೋಗಿ, ಜಾಸ್ತಿ ಬಿಗಿಯಾಗಿ ಹಿಡಿಯುವುದು ಬಂದು ಕೂರುತ್ತದೆ, ಮೈಸೂರು-ಮಂಡ್ಯ ರೈಲಿನ ಸೀಟಿನ ಹಾಗೆ. ‘ಪ್ರಭಾವಳಿ’ ಚೆಂದದ ಪದ, ಆದರೆ ಅದು ದೇವರ ಬೆನ್ನ ಹಿಂದೆ ನಿಲ್ಲುವಂಥದ್ದು.

ನನಗೆ ‘ಮೆತ್ತು’ ಹಿಡಿಸಿದೆ. ಗದ್ದೆಗೆ ಇಳಿದು ಬಂದವರ ಕಾಲು ನೋಡಿ. ಕೆಸರನ್ನು ಯಾರೂ ಬಳಿದಿಲ್ಲ, ಮೆತ್ತಿಕೊಂಡಿದೆ. ಬೆರಳ ಸಂದಿಯದ್ದು ಉಜ್ಜಿದರೂ ಬಿಡಲ್ಲ, ಮೇಲಿನದು ಒಂದು ಚೊಂಬು ನೀರಿಗೆ ಹೋಗುತ್ತದೆ. ಈ ಪ್ರೋಟೀನಿನಲ್ಲೂ ಬಿಗಿ ಪದರ, ಸಡಿಲ ಪದರ ಎರಡೂ ಇವೆ. ‘ಬಿಗಿ ಮೆತ್ತು’, ‘ಸಡಿಲ ಮೆತ್ತು’ ಅನ್ನಬಹುದಲ್ವಾ? ಆದರೆ ‘ಮೆತ್ತು’ ನಾಮಪದವಾಗಿ ನಿಲ್ಲುತ್ತಾ, ಇಲ್ಲ ‘ಮೆತ್ತಿಗೆ’ ಅನ್ನಬೇಕಾ?

ಇನ್ನೊಂದು ಸಣ್ಣ ತೊಡಕು. ಕಣ ಕೋಶಕ್ಕೆ ಮಾಡುವ ಕೇಡಿಗೆ ‘ವಿಷತ್ವ’ ಬೇಡ ಅಂತ ‘ನಂಜು’ ಹಾಕಿದೆ. ನಮ್ಮ ಕಡೆ ನಂಜು ಅಂದರೆ ಗಾಯ ಕೀವಾಗುವುದು, ‘ಬದನೆಕಾಯಿ ತಿನ್ನಬೇಡ, ನಂಜು’ ಅನ್ನುವುದು. ನಿಮ್ಮ ಊರುಗಳಲ್ಲೂ ಹಾಗೇನಾ?